ತುಕ್ಕು ಕಳೆಯಲಿ, ಕಬ್ಬಿಣ ಉಳಿಯಲಿ

ದುಡಿಯುವ ನೇಗಿಲಿನ ಕುಳ ಹೊಳೆಯುತ್ತದೆ. ದುಡಿಮೆಯಿಲ್ಲದೆ ಮೂಲೆಗೆ ಒರಗಿದ ಕುಳ ತುಕ್ಕು ಹಿಡಿಯುತ್ತದೆ. ಒಕ್ಕಲುತನದ ಮನೆಗಳಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶರಣರ ಕಾಯಕತತ್ತ್ವವನ್ನು ನಂಬಿದ ಮನೆಗಳಲ್ಲಿ ಉಪಕರಣವೆಂದರೆ ಬರಿಯ ಲೋಹದ ತುಂಡಲ್ಲ, ಒಬ್ಬರ ದುಡಿಮೆಯ ಒಡನಾಡಿ. ಆದರೂ ಎಷ್ಟೋ ಮನೆಗಳ ಹಿತ್ತಲಿನಲ್ಲಿ ಹಿರಿಯರು ಓಡಿಸಿದ ಸ್ಕೂಟರೋ ಮೋಟಾರು ಸೈಕಲ್ಲೋ ಗೋಣಿತಟ್ಟು ಹೊದ್ದು ನಿಂತಿದೆ. ಗುಜರಿಯವನು ತೂಕಕ್ಕೆ ಕೇಳುತ್ತಾನೆ. ಕೊಡಲು ಮನಸ್ಸಿಲ್ಲ, ಉಳಿಸಿಕೊಳ್ಳಲು ದಾರಿ ತಿಳಿಯದು. ಅಂಥ ಮನೆಗಳವರಿಗೆ ನೆರವಾಗಲೆಂದು, ನಾವು ಒಮ್ಮೆ ಎಡವಿ ಆಮೇಲೆ ಕಲಿತ ಪಾಠವನ್ನು ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇವೆ.

ನಮ್ಮ ತೀರ್ಥರೂಪರು 1980ರಲ್ಲಿ ಒಂದು ಯೆಜ್ಡಿ ಮೋಟಾರು ಸೈಕಲ್ಲನ್ನು ಕೊಂಡರು. ಈ ಗಾಡಿ ನಮ್ಮ ನಾಡಿನದೇ ಕೂಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಮೊದಲು ಜಾವಾ ಎಂಬ ಹೆಸರಿನಿಂದ, 1973ರ ನಂತರ ಯೆಜ್ಡಿ ಎಂಬ ಹೆಸರಿನಿಂದ ಅಲ್ಲಿಂದ ಹೊರಟ ಗಾಡಿಗಳು ನಾಡಿನ ಹಳ್ಳಿ ಹಳ್ಳಿಗಳ ದಾರಿ ತುಳಿದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಪೆಟ್ರೋಲಿನೊಡನೆ ಎಣ್ಣೆ ಬೆರೆಸಿಕೊಂಡು ಓಡುವ ಆ ಎಂಜಿನ್ನಿನ ಸದ್ದು ಊರ ಹೊರಗಿನ ಹಳ್ಳ ದಾಟುವಾಗಲೇ ನಮಗೆ ಕೇಳುತ್ತಿತ್ತು. ಅವ್ವ ಒಲೆಯ ಮೇಲೆ ಹಂಚು ಇಡುತ್ತಿದ್ದರು. ತಂದೆಯವರ ಮೊಣಕಾಲು ನೋವು ಹೆಚ್ಚಿದ ಮೇಲೆ ಗಾಡಿ ಕೊಟ್ಟಿಗೆ ಸೇರಿತು. ಅಲ್ಲಿ ಅದು ಇಪ್ಪತ್ತು ಮಳೆಗಾಲಗಳನ್ನು ಕಂಡಿತು.

ಕಳೆದ ವರ್ಷ ಶಿವರಾತ್ರಿ ಮುಗಿದ ಮರುವಾರ, ಎಂಬತ್ತು ದಾಟಿದ ತಂದೆಯವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ಬಸವ ಜಯಂತಿ ಬರೂದ್ರೊಳಗ ಒಮ್ಮೆ ಇದರ ಸಪ್ಪಳ ಕೇಳಬೇಕು ಅನಸೇತಿ” ಎಂದರು. ಏನನ್ನೂ ಬೇಡಿದವರಲ್ಲ. ಎಂಜಿನ್ನಿನ ಕೆಲಸವನ್ನು ಪೇಟೆಯ ಹಳೆಯ ಮಿಸ್ತ್ರಿಯವರಿಗೆ ಒಪ್ಪಿಸಿ, ಬಿಡಿಭಾಗಗಳ ತುಕ್ಕು ತೆಗೆಯುವ ಹೊಣೆಯನ್ನು ನಾವೇ ಹೊತ್ತೆವು.

ಆತುರದ ಫಲ

ಬಚ್ಚಲು ತೊಳೆಯಲು ಅಂಗಡಿಯಲ್ಲಿ ಮಾರುವ ತೀವ್ರವಾದ ಆಸಿಡ್ ತುಕ್ಕನ್ನು ಗಳಿಗೆಯಲ್ಲಿ ತಿನ್ನುತ್ತದೆಂದು ಯಾರೋ ಹೇಳಿದರು. ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಅದನ್ನು ಸುರಿದು ನಟ್ಟು, ಬೋಲ್ಟು, ಸ್ಟ್ಯಾಂಡು, ಅದರ ಸ್ಪ್ರಿಂಗು ಎಲ್ಲವನ್ನೂ ಒಟ್ಟಿಗೆ ಮುಳುಗಿಸಿದೆವು. ನೊರೆಯುಕ್ಕಿ, ಒಂದು ತಾಸಿನಲ್ಲಿ ಕಬ್ಬಿಣ ಬೆಳ್ಳಗಾಯಿತು. ನಮ್ಮ ಸಂತೋಷ ಒಂದು ರಾತ್ರಿಯದು. ಬೆಳಗಾಗುವಷ್ಟರಲ್ಲಿ ಎಲ್ಲ ಭಾಗಗಳ ಮೇಲೂ ಅರಿಸಿನ ಬಳಿದಂತೆ ಹೊಸ ತುಕ್ಕು ಕುಳಿತಿತ್ತು. ಅದೇ ಕೋಣೆಯಲ್ಲಿದ್ದ ಪಾನಾಗಳು ಮಂಕಾಗಿದ್ದವು. ಅವ್ವನ ಹೊಲಿಗೆ ಯಂತ್ರದ ಸೂಜಿಗಂಬಕ್ಕೂ ಕೆಂಪು ತಗುಲಿತ್ತು. ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ತಾನು ಮುಟ್ಟದ ಕಬ್ಬಿಣವನ್ನೂ ಬಿಡುವುದಿಲ್ಲವೆಂಬುದು ನಮಗೆ ಆಗ ತಿಳಿಯಿತು. ಎರಡು ದಿನಗಳ ಮೇಲೆ ಸ್ಟ್ಯಾಂಡಿನ ಸ್ಪ್ರಿಂಗನ್ನು ಎಳೆದು ಸಿಕ್ಕಿಸಿದಾಗ ಅದು ಒಣಕಡ್ಡಿಯಂತೆ ಲಟಕ್ಕನೆ ಮುರಿಯಿತು.

ಮಿಸ್ತ್ರಿಯವರು ಆ ಎರಡು ತುಂಡುಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. “ತುಕ್ಕು ಯಾವುದು, ಕಬ್ಬಿಣ ಯಾವುದು ಅಂತ ಆಸಿಡ್ಡಿಗೆ ತಿಳಿಯೂದಿಲ್ರಿ ಯಪ್ಪಾ. ಅದನ್ನ ನಾವ ತಿಳಕೋಬೇಕು. ಇದು ಬ್ರೇಕಿನ ಸ್ಪ್ರಿಂಗ್ ಆಗಿದ್ರ ಏನ್ ಮಾಡ್ತಿದ್ರಿ?” ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಆಮ್ಲವು ಕಬ್ಬಿಣದೊಡನೆ ವರ್ತಿಸುವಾಗ ಜಲಜನಕ ಹುಟ್ಟುತ್ತದೆ. ಹದ ಕೊಟ್ಟು ಗಡುಸುಗೊಳಿಸಿದ ಉಕ್ಕು ಅದನ್ನು ತನ್ನೊಳಗೆ ಹೀರಿಕೊಂಡು ಪೆಡಸಾಗುತ್ತದೆ. ಹೊರಗೆ ಹೊಳೆಯುವ ಸ್ಪ್ರಿಂಗು ಒಳಗೇ ಬಿರುಕು ಬಿಟ್ಟಿರುತ್ತದೆ. ಆದುದರಿಂದ ಸ್ಪ್ರಿಂಗು, ಬೇರಿಂಗು, ಹಲ್ಲುಚಕ್ರ, ಗಡುಸು ಬೋಲ್ಟು, ಚಕ್ರದ ಅಚ್ಚು, ಬ್ರೇಕಿನ ಭಾಗ ಇವುಗಳನ್ನು ಯಾವ ಹುಳಿನೀರಿನಲ್ಲಿಯೂ ನೆನೆಹಾಕಬಾರದು. ಎಣ್ಣೆ ಹಚ್ಚಿ ತಂತಿಯ ಬ್ರಷ್ಷಿನಿಂದ ಉಜ್ಜಬೇಕು, ಸವೆದಿದ್ದರೆ ಹೊಸದನ್ನೇ ಹಾಕಬೇಕು.

ತುಕ್ಕು ಎಂದರೇನು?

ಕಬ್ಬಿಣ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು, ಈ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಕರಾವಳಿಯ ಗಾಡಿಗಳು ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಕೆಡಲು ಇದೇ ಕಾರಣ. ಅಲ್ಯೂಮಿನಿಯಮ್ ಮೇಲೆ ಕಟ್ಟುವ ಪದರ ಬಿಗಿಯಾಗಿದ್ದು ಒಳಗಿನ ಲೋಹವನ್ನು ಕಾಯುತ್ತದೆ. ತುಕ್ಕಾದರೋ ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಉಬ್ಬುತ್ತದೆ, ಹಕ್ಕಳೆಯಾಗಿ ಏಳುತ್ತದೆ. ಆ ಬಿರುಕುಗಳೊಳಗೆ ತೇವ ನುಗ್ಗಿ ಇನ್ನಷ್ಟು ಕಬ್ಬಿಣವನ್ನು ತಿನ್ನುತ್ತದೆ. ತುಕ್ಕಾಗಿ ಹೋದ ಕಬ್ಬಿಣ ಯಾವ ಮದ್ದಿನಿಂದಲೂ ಮರಳಿ ಬಾರದು. ಉಳಿದುದನ್ನು ಕಾಪಾಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ನಿಂಬೆ ಉಪ್ಪಿನ ನೀರು

ಎರಡನೆಯ ಬಾರಿ ನಾವು ಮೆತ್ತನೆಯ ಹುಳಿಯ ಮೊರೆಹೊಕ್ಕೆವು. ಕಿರಾಣಿ ಅಂಗಡಿಗಳಲ್ಲಿ ನಿಂಬೆ ಉಪ್ಪು ಎಂದು ದೊರೆಯುವ ಬಿಳಿಯ ಹರಳು ಸಿಟ್ರಿಕ್ ಆಮ್ಲವೇ. 1784ರಲ್ಲಿ ಷೀಲೆ ಎಂಬ ರಸಾಯನ ವಿಜ್ಞಾನಿ ನಿಂಬೆಯ ರಸದಿಂದ ಇದನ್ನು ಮೊದಲು ಬೇರ್ಪಡಿಸಿದನು. ತುಕ್ಕನ್ನು ಕರಗಿಸುವುದರ ಜೊತೆಗೆ, ಕರಗಿದ ಕಬ್ಬಿಣವು ಮರಳಿ ಅಂಟದಂತೆ ಹಿಡಿದಿಡುವ ಗುಣವೂ ಇದಕ್ಕಿದೆ.

ಮೊದಲು ಭಾಗಗಳನ್ನು ವಿಂಗಡಿಸಬೇಕು. ಅಲ್ಯೂಮಿನಿಯಮ್, ಸತುವಿನ ಲೇಪವಿರುವ ಭಾಗ, ಕಾರ್ಬುರೇಟರು, ರಬ್ಬರು ಇವೆಲ್ಲ ಬೇರೆ ಇರಲಿ. ಸತುವಿನ ಲೇಪವನ್ನು ಹುಳಿ ಮೊದಲ ತುತ್ತಿಗೇ ತಿಂದುಬಿಡುತ್ತದೆ. ಸ್ಟ್ಯಾಂಡು, ಕಾಲೂರುವ ಕಂಬಿ, ಮಡಗಾರ್ಡಿನ ಆಧಾರಪಟ್ಟಿ, ಸಾಮಾನಿನ ಡಬ್ಬಿಯ ಮುಚ್ಚಳ, ಸಾಮಾನ್ಯ ನಟ್ಟು ಬೋಲ್ಟು, ವಾಷರುಗಳು ನೆನೆಹಾಕಲು ಯೋಗ್ಯವಾದವು. ಯಾವ ಬೋಲ್ಟು ಎಲ್ಲಿಯದೆಂದು ಚೀಟಿ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಜೋಡಿಸುವ ದಿನ ಪೇಚಾಟ ತಪ್ಪದು. ಜಿಡ್ಡಿನ ಮೇಲೆ ಹುಳಿನೀರು ಕೆಲಸ ಮಾಡಲಾರದಾದ್ದರಿಂದ ಮೊದಲು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಎಣ್ಣೆ, ಗ್ರೀಸು ಹೋಗುವಂತೆ ತೊಳೆಯಬೇಕು. ಎದ್ದ ಹಕ್ಕಳೆಗಳನ್ನು ತಂತಿಯ ಬ್ರಷ್ಷಿನಿಂದ ಕೆರೆಯಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಹಚ್ಚಿ ಉಜ್ಜುವುದು ಲೇಸು. ಮಕ್ಕಳು ಆ ಕಡೆ ಸುಳಿಯಬಾರದು.

ಒಂದು ಲೀಟರು ನೀರಿಗೆ 50 ಗ್ರಾಂ ನಿಂಬೆ ಉಪ್ಪು ಸಾಕು. ತುಕ್ಕು ದಪ್ಪವಾಗಿದ್ದರೆ 100 ಗ್ರಾಂ. ಹತ್ತು ಲೀಟರಿನ ಬಕೆಟ್ಟಿಗೆ ಅರ್ಧ ಕಿಲೋ ಎಂದು ಲೆಕ್ಕ ಹಿಡಿಯಬಹುದು. ಕೈಗೆ ಹಿತವಾಗುವಷ್ಟು ಬಿಸಿಯಾದ ನೀರಿನಲ್ಲಿ ಅದು ಬೇಗ ಕರಗುತ್ತದೆ, ಕೆಲಸವೂ ಚುರುಕಾಗುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದಾಗಿರಲಿ. ಭಾಗಗಳು ಪೂರ್ತಿ ಮುಳುಗಬೇಕು. ಅರ್ಧ ಮುಳುಗಿದರೆ ನೀರಿನ ಅಂಚಿನಲ್ಲಿ ಗೆರೆ ಬೀಳುತ್ತದೆ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಕನ್ನಡಕ ಇರಲೇಬೇಕು.

ಎರಡೆರಡು ತಾಸಿಗೊಮ್ಮೆ ಒಂದು ಭಾಗವನ್ನೆತ್ತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಅಲ್ಪ ತುಕ್ಕಾದರೆ ಮೂರು ನಾಲ್ಕು ತಾಸು, ಗಟ್ಟಿ ತುಕ್ಕಾದರೆ ಒಂದು ರಾತ್ರಿ ಬೇಕಾದೀತು. ಕೆಂಪು ಹೋಗಿ ಬೂದುಬಣ್ಣದ ಲೋಹ ಕಂಡೊಡನೆ ತೆಗೆದುಬಿಡಬೇಕು. ಇನ್ನೊಂದಿಷ್ಟು ಬೆಳ್ಳಗಾಗಲಿ ಎಂದು ಬಿಟ್ಟರೆ ಹುಳಿ ಒಳ್ಳೆಯ ಕಬ್ಬಿಣಕ್ಕೆ ಕೈಹಾಕುತ್ತದೆ, ಮರೆಯ ಸುತ್ತುಗಳು ಸಡಿಲವಾಗುತ್ತವೆ. ಮಿಸ್ತ್ರಿಯವರ ಮಾತಿನ ಅರ್ಥ ನಮಗಾದದ್ದು ಇಲ್ಲಿ: ತುಕ್ಕು ತೆಗೆಯುವುದಕ್ಕಿಂತ, ಎಲ್ಲಿ ನಿಲ್ಲಿಸಬೇಕೆಂಬುದನ್ನು ಅರಿಯುವುದೇ ದೊಡ್ಡ ಕೆಲಸ.

ಅಡುಗೆಮನೆಯ ಶಿರ್ಕಾ, ಅಂದರೆ ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ನೂರಕ್ಕೆ ನಾಲ್ಕೈದು ಪಾಲು ಆಮ್ಲವಿರುವುದರಿಂದ ಒಂದು ದಿನ ಹಿಡಿಯುತ್ತದೆ. ಬಕೆಟ್ಟು ತುಂಬಲು ಖರ್ಚೂ ಹೆಚ್ಚು. ತಾಮ್ರ ಹಿತ್ತಾಳೆಗಳನ್ನು ಬೆಳಗುವ ಹುಣಸೆಹಣ್ಣಿನಲ್ಲಿಯೂ ಹುಳಿಯಿದೆ. ಆದರೆ ಬೋಲ್ಟಿನ ಸುತ್ತುಗಳಲ್ಲಿ ಅದರ ತೊಗಟೆ, ನಾರು ಸಿಕ್ಕಿಕೊಳ್ಳುತ್ತವೆ.

ಕಾಕಂಬಿಯ ನಿಧಾನ

ಕಬ್ಬಿನ ಸೀಮೆಯವರಿಗೆ ಪರಿಚಿತವಾದ ಕಾಕಂಬಿಯೂ ತುಕ್ಕಿಗೆ ಮದ್ದು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಭಾಗಗಳನ್ನು ಮುಳುಗಿಸಿ ಒಂದೆರಡು ವಾರ, ಕೆಲವೊಮ್ಮೆ ಮೂರು ವಾರ ಬಿಡಬೇಕು. ಅದು ತುಕ್ಕನ್ನು ಮೆಲ್ಲಗೆ ಸಡಿಲಿಸುತ್ತದೆ, ಒಳ್ಳೆಯ ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಕಾಯುವ ತಾಳ್ಮೆಯುಳ್ಳವರಿಗೆ ಇದು ಉತ್ತಮ. ಆದರೆ ಅಲ್ಯೂಮಿನಿಯಮ್ಮನ್ನು ಇದು ತಿನ್ನುತ್ತದೆ. ಹುಳಿತು ನಾರುತ್ತದೆ ಕೂಡ. ಸಿಹಿಯ ವಾಸನೆಗೆ ಇರುವೆ ಮುತ್ತುತ್ತವೆ, ದನಕರುಗಳು ಬಾಯಿ ಹಾಕುತ್ತವೆ. ಆದುದರಿಂದ ಭದ್ರವಾದ ಮುಚ್ಚಳ ಮುಚ್ಚಿ ಕೊಟ್ಟಿಗೆಯಿಂದ ದೂರವಿಡಬೇಕು.

ಸೋಡಾ ಮತ್ತು ವಿದ್ಯುತ್ತು

ಮಡಿವಾಳ ಮಾಚಯ್ಯನವರ ಕಾಯಕವನ್ನು ಸ್ಮರಿಸುವ ನಮಗೆ ಒಗೆತದ ಮರ್ಮ ಹೊಸದಲ್ಲ: ಕೊಳೆ ಹೋಗಬೇಕು, ಅರಿವೆ ಹರಿಯಬಾರದು. ಮಡಿವಾಳರು ಹಿಂದೆ ಬಳಸುತ್ತಿದ್ದ ಚೌಳುಮಣ್ಣಿನಲ್ಲಿರುವ ಕ್ಷಾರವೇ ಇಂದಿನ ವಾಷಿಂಗ್ ಸೋಡಾ. ಈ ಸೋಡಾ ನೀರಿನಲ್ಲಿ ಬ್ಯಾಟರಿ ಚಾರ್ಜರಿನ ವಿದ್ಯುತ್ತು ಹರಿಸಿ ತುಕ್ಕು ಬಿಡಿಸುವ ಪದ್ಧತಿಯೊಂದಿದೆ. ನಾಲ್ಕು ಲೀಟರು ನೀರಿಗೆ ಒಂದು ದೊಡ್ಡ ಚಮಚ ಸೋಡಾ. ಚಾರ್ಜರಿನ ಋಣ ತಂತಿಯನ್ನು ತುಕ್ಕು ಹಿಡಿದ ಭಾಗಕ್ಕೆ, ಧನ ತಂತಿಯನ್ನು ಬೇಡವಾದ ಒಂದು ಕಬ್ಬಿಣದ ಪಟ್ಟಿಗೆ ಕಟ್ಟಬೇಕು. ಎರಡೂ ಒಂದಕ್ಕೊಂದು ತಾಗಬಾರದು. ಲೋಹ ಸವೆಯದಿರುವುದು ಇದರ ಗುಣ.

ಆದರೆ ಇದು ಅನುಭವಿಗಳು ಜೊತೆಗಿರುವಾಗ ಮಾತ್ರ ಮಾಡುವ ಕೆಲಸ. ಮನೆಯ ಪ್ಲಗ್ಗಿನಿಂದ ನೇರವಾಗಿ ತಂತಿ ಎಳೆದರೆ ಜೀವಕ್ಕೆ ಅಪಾಯ. ಧನ ತಂತಿಗೆ ಸ್ಟೀಲಿನ ತಟ್ಟೆಯನ್ನೋ ಚಮಚವನ್ನೋ ಕಟ್ಟಬಾರದು. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಮೇಲೇಳುವ ಗುಳ್ಳೆಗಳಲ್ಲಿ ಜಲಜನಕವಿರುವುದರಿಂದ ಬಯಲಿನಲ್ಲೇ ಮಾಡಬೇಕು, ಹತ್ತಿರ ಬೆಂಕಿ ಇರಕೂಡದು. ಸ್ವಿಚ್ಚು ತೆಗೆಯದೆ ನೀರಿಗೆ ಕೈಯಿಕ್ಕಬಾರದು. ಗಡುಸು ಉಕ್ಕಿನ ಭಾಗಗಳಿಗೆ ಇದೂ ಸಲ್ಲದು.

ಪೆಟ್ರೋಲ್ ಟ್ಯಾಂಕಿನ ಒಳಗೆ

ಹಳೆಯ ಗಾಡಿಯ ಟ್ಯಾಂಕಿನೊಳಗಿನ ತುಕ್ಕು ಕಾರ್ಬುರೇಟರಿಗೆ ಹರಿದು ಎಂಜಿನ್ನನ್ನು ನಿಲ್ಲಿಸುತ್ತದೆ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಅಪಾಯಕರ. ಅದರಲ್ಲಿ ಉಳಿದ ಪೆಟ್ರೋಲಿನ ಆವಿ ಒಂದು ಕಿಡಿಗೆ ಸಿಡಿಯಬಲ್ಲದು. ಆದ್ದರಿಂದ ಬಯಲಿಗೆ ತಂದು, ಸಾಬೂನಿನ ಪುಡಿ ಬೆರೆಸಿದ ನೀರಿನಿಂದ ವಾಸನೆ ಹೋಗುವವರೆಗೆ ಮತ್ತೆ ಮತ್ತೆ ತೊಳೆಯಬೇಕು. ಕೆಳಗಿನ ನಲ್ಲಿಯನ್ನು ಬಿಚ್ಚಿ, ರಂಧ್ರಕ್ಕೆ ರಬ್ಬರಿನ ಬಿರಡೆ ಜಡಿಯಬೇಕು. ಹಕ್ಕಳೆ ಬಿಡಿಸಲು ಹತ್ತಾರು ಸಣ್ಣ ನಟ್ಟುಗಳನ್ನು ಹಾಕಿ ಅಲುಗಾಡಿಸಬಹುದು; ಆದರೆ ಎಣಿಸಿ ಹಾಕಬೇಕು, ಎಣಿಸಿಯೇ ತೆಗೆಯಬೇಕು. ಬಳಿಕ ನಿಂಬೆ ಉಪ್ಪಿನ ನೀರನ್ನು ಕಂಠದವರೆಗೆ ತುಂಬಿ ಒಂದು ರಾತ್ರಿ ಬಿಡಬೇಕು. ಅನಿಲ ಹೊರಡುವುದರಿಂದ ಮುಚ್ಚಳವನ್ನು ಬಿಗಿಯಬಾರದು. ಹೊರಗಿನ ಬಣ್ಣದ ಮೇಲೆ ಬಿದ್ದ ಹನಿಯನ್ನು ಕೂಡಲೇ ಒರೆಸಬೇಕು. ಸೋಡಾ ನೀರು, ಶುದ್ಧ ನೀರುಗಳಿಂದ ತೊಳೆದು ಬಿಸಿಲಿಗೆ ಒಣಗಿಸಿ, ಕೊನೆಗೆ ಎಣ್ಣೆ ಬೆರೆಸಿದ ಪೆಟ್ರೋಲನ್ನು ಒಳಗೆಲ್ಲ ತಾಗುವಂತೆ ಆಡಿಸಬೇಕು. ಬೆಂಕಿಯ ಶಾಖದಿಂದ ಒಣಗಿಸುವ ಯೋಚನೆಯೂ ಬೇಡ.

ತೆಗೆದ ಮೇಲಿನ ಅರ್ಧ ಗಂಟೆ

ಬಿಡುಗಡೆಯಾದ ಹಸಿ ಕಬ್ಬಿಣಕ್ಕೆ ಗಾಳಿ ತಗುಲಿದೊಡನೆ ಹೊಸ ತುಕ್ಕು ಏಳತೊಡಗುತ್ತದೆ. ಮೊದಲ ಸಲ ನಮ್ಮ ಕೆಲಸ ಕೆಟ್ಟದ್ದು ಇಲ್ಲಿಯೇ. ಆದುದರಿಂದ ಭಾಗವನ್ನು ಎತ್ತುವ ಮೊದಲೇ ಎಲ್ಲವನ್ನೂ ಸಜ್ಜುಗೊಳಿಸಿಕೊಂಡಿರಬೇಕು. ಲೀಟರಿಗೆ ಒಂದು ದೊಡ್ಡ ಚಮಚದಂತೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿದರೆ ಉಳಿದ ಹುಳಿ ಸಾಯುತ್ತದೆ. ನಂತರ ಬಿಸಿನೀರಿನಲ್ಲಿ ಜಾಲಿಸಿ, ಒಣಬಟ್ಟೆಯಿಂದ ಒರೆಸಿ, ಸುಡುಬಿಸಿಲಿನಲ್ಲಿಟ್ಟು, ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು. ಬಣ್ಣ ಬಳಿಯುವುದಾದರೆ ಎಣ್ಣೆಯ ಬದಲು ಅದೇ ದಿನ ತುಕ್ಕುನಿರೋಧಕ ಪ್ರೈಮರು ಹಚ್ಚಬೇಕು.

ಮುಳುಗಿಸಲಾಗದ ಚೌಕಟ್ಟಿಗೆ ಬೇರೆ ಉಪಾಯವಿದೆ. ನಮ್ಮ ಹಿರಿಯರು ಲೆಕ್ಕದ ಕಡತ ಬರೆಯಲು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದರು. ಅಳಲೆಯ ಒಗರು, ಅಂದರೆ ಟ್ಯಾನಿನ್ನು, ಕಬ್ಬಿಣದೊಡನೆ ಕೂಡಿ ಕಪ್ಪಾಗುವುದೇ ಅದರ ರಹಸ್ಯ. ಸಂಗ್ರಹಾಲಯಗಳಲ್ಲಿ ಪ್ರಾಚೀನ ಕಬ್ಬಿಣದ ವಸ್ತುಗಳಿಗೆ ಟ್ಯಾನಿಕ್ ಆಮ್ಲ ಬಳಿಯುವುದೂ ಇದೇ ತತ್ತ್ವದ ಮೇಲೆ. ತುಕ್ಕಿನ ತೆಳುಪದರ ಕಪ್ಪಾಗಿ ಸ್ಥಿರಗೊಳ್ಳುತ್ತದೆ, ಅದರ ಮೇಲೆ ಬಣ್ಣ ನಿಲ್ಲುತ್ತದೆ. ಕ್ರೋಮ್ ಹೊಳಪಿನ ಹ್ಯಾಂಡಲ್ಲಿಗೆ ಇದಾವುದೂ ಬೇಡ. ರೊಟ್ಟಿ ಸುತ್ತುವ ಅಲ್ಯೂಮಿನಿಯಮ್ ಹಾಳೆಯನ್ನು ಮುದ್ದೆ ಮಾಡಿ ನೀರಿನಲ್ಲದ್ದಿ ಮೆಲ್ಲಗೆ ತಿಕ್ಕಿದರೆ ಸಾಕು.

ಇನ್ನೆರಡು ಎಚ್ಚರಿಕೆಗಳು. ಯಾವ ಹುಳಿಯನ್ನೂ ಬ್ಲೀಚಿಂಗ್ ಪುಡಿಯೊಡನೆ ಸೇರಿಸಕೂಡದು. ಹೊರಡುವ ಕ್ಲೋರಿನ್ ಅನಿಲ ಪ್ರಾಣಾಂತಿಕ. ಬಳಸಿದ ನೀರನ್ನು ಬಾವಿಯ ಬಳಿ, ದನದ ಬಾನಿಯ ಬಳಿ, ಗಿಡದ ಬುಡಕ್ಕೆ ಚೆಲ್ಲದೆ, ನೊರೆ ನಿಲ್ಲುವವರೆಗೆ ಸೋಡಾ ಹಾಕಿ, ಹೆಚ್ಚು ನೀರಿನೊಡನೆ ಚರಂಡಿಗೆ ಬಿಡಬೇಕು.

ಬಸವ ಜಯಂತಿಯ ಬೆಳಗು

ಹೀಗೆ ಎರಡು ತಿಂಗಳು ಕಳೆದವು. ಮುರಿದ ಸ್ಪ್ರಿಂಗಿನ ಜಾಗಕ್ಕೆ ಹೊಸದು ಬಂತು. ಬ್ರೇಕಿನ ಭಾಗಗಳನ್ನೂ ಮಿಸ್ತ್ರಿಯವರು ಹೊಸದಾಗಿಯೇ ಹಾಕಿದರು. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಕೆಲಸ ಬಾಕಿಯಿದ್ದುದರಿಂದ ಗಾಡಿಯನ್ನು ಅಂಗಳದಲ್ಲಷ್ಟೇ ನಿಲ್ಲಿಸಿದೆವು. ಬಸವಣ್ಣನವರ ಭಾವಚಿತ್ರದ ಪೂಜೆ ಮುಗಿಸಿ ಬಂದ ತಂದೆಯವರು, ಹಣೆಯ ವಿಭೂತಿ ಇನ್ನೂ ಆರಿರದಾಗ, ಕಟ್ಟೆಯ ಮೇಲೆ ಕುಳಿತರು. ಮೊಮ್ಮಗ ಮೂರು ಸಲ ಒದ್ದ. ನಾಲ್ಕನೆಯದಕ್ಕೆ ಎಂಜಿನ್ನು ಹತ್ತಿತು. ನೀಲಿ ಹೊಗೆ ಅಂಗಳ ತುಂಬಿತು. ಒಳಗಿದ್ದ ಅವ್ವ, “ಬಂದ್ರೇನು?” ಎಂದು ಕೂಗಿದರು. ಹಳೆಯ ರೂಢಿ ಅವರ ಬಾಯಿಂದ ತಾನಾಗಿ ಹೊರಟಿತ್ತು. ಅಂಗಳದಲ್ಲಿದ್ದವರೆಲ್ಲ ನಕ್ಕರು; ತಂದೆಯವರು ನಗಲಿಲ್ಲ, ಕಣ್ಣೊರೆಸಿಕೊಂಡರು.

ಆಮೇಲೆ ಅವರು ಎದ್ದು ಹೋಗಿ ಹ್ಯಾಂಡಲ್ಲಿನ ಮೇಲೆ ಕೈಯಾಡಿಸಿದರು. ತುಕ್ಕು ಹೋದರೂ ಅಲ್ಲಲ್ಲಿ ಸಣ್ಣ ಗುಳಿಗಳು ಉಳಿದಿದ್ದವು. ಹೊಸ ಕ್ರೋಮ್ ಹಾಕಿಸೋಣವೇ ಎಂದು ಕೇಳಿದೆವು. “ಬ್ಯಾಡ, ಇರಲಿ. ಅದಕ್ಕೂ ವಯಸ್ಸಾಗೇತಿ” ಎಂದರು.

ಈಗ ಸೋಮವಾರಕ್ಕೊಮ್ಮೆ ಗಾಡಿಯ ಮೈಯೊರೆಸಿ, ಎಣ್ಣೆ ಸವರಿ, ಹತ್ತು ನಿಮಿಷ ಎಂಜಿನ್ನು ಓಡಿಸುವುದು ನಮ್ಮ ಮನೆಯಲ್ಲಿ ನೇಮವಾಗಿದೆ. ಹಿತ್ತಲಿನಲ್ಲಿ ಇಂಥ ಗಾಡಿಯುಳ್ಳ ಶರಣಬಂಧುಗಳು ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ಗೋಣಿತಟ್ಟು ಸರಿಸಿ ನೋಡಬೇಕೆಂದು ವಿನಂತಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ.